ಹಲ್ಲಿನ ಸಂದಿಗೆ ಯಾವುದು ಸರಿ: ದಾರವೋ, ಸಣ್ಣ ಬ್ರಷ್ಷೋ, ನೀರೋ?

ಸಂಕ್ರಾಂತಿ ಹೊತ್ತಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ತಿಂದ ಮೇಲೆ ಕನ್ನಡಿ ಮುಂದೆ ನಿಂತರೆ ಹಲ್ಲಿನ ಸಂದಿಗಳ ನಕ್ಷೆಯೇ ಕಾಣುತ್ತದೆ. ಎಳ್ಳು ಕೂತ ಕಡೆ ಜಾಗ ಇದೆ, ಕೂರದ ಕಡೆ ಇಲ್ಲ. ಮಂಡಾಳ ಒಗ್ಗರಣೆಯ ಜತೆ ತಿಂದ ಮಿರ್ಚಿಯ ಬೀಜ, ಸೀತನಿಯ ಸಿಪ್ಪೆ, ಮಟನ್ನಿನ ನಾರು, ಅಡಿಕೆ ಚೂರು ಇವೆಲ್ಲ ಹೋಗಿ ಸೇರುವುದೂ ಅಲ್ಲಿಗೇ. ನಾಲಿಗೆ ಸುಮ್ಮನಿರುವುದಿಲ್ಲ. ಕೊನೆಗೆ ಕೈ ಕಸಬರಿಗೆ ಕಡ್ಡಿಗೋ, ಬೆಂಕಿಕಡ್ಡಿಗೋ, ಬಳೆಗೆ ಸಿಕ್ಕಿಸಿಕೊಂಡ ಪಿನ್ನಿಗೋ ಹೋಗುತ್ತದೆ. ‘ಹಲ್ಲಾಗ ಸಿಕ್ಕೊಂಡೈತಿ, ಒಂದ್ ಪಿನ್ ಕೊಡು’ ಅನ್ನುವ ಮಾತು ಬಳ್ಳಾರಿ, ರಾಯಚೂರು, ಕೊಪ್ಪಳದ ಯಾವ ಮನೆಗೂ ಹೊಸದಲ್ಲ.

ಸಿಕ್ಕಿಕೊಂಡ ಚೂರು ತೆಗೆಯುವುದು ಬೇರೆ, ಸಂದಿ ತೊಳೆಯುವುದು ಬೇರೆ. ಚೂರು ಕಾಡುತ್ತದೆ, ಹಾಗಾಗಿ ತೆಗೆಯುತ್ತೇವೆ. ಹಲ್ಲು, ವಸಡು ಎರಡನ್ನೂ ಹಾಳು ಮಾಡುವುದು ಮಾತ್ರ ಕಣ್ಣಿಗೂ ನಾಲಿಗೆಗೂ ಸಿಗದ ಅಂಟು ಪೊರೆ. ಅದನ್ನು ಪಾಚಿ ಅನ್ನೋಣ. ಪೂರಾ 32 ಹಲ್ಲು ಸಾಲಾಗಿದ್ದರೆ ಮೇಲೆ 15, ಕೆಳಗೆ 15, ಒಟ್ಟು 30 ಸಂದಿ. ಮಾಮೂಲಿ ಬ್ರಷ್ಷಿನ ಎಳೆ ಇವುಗಳ ಒಳಗೆ ಇಳಿಯುವುದಿಲ್ಲ. ಅಲ್ಲಿ ಉಳಿದ ಪಾಚಿ ಕೆಲವೇ ದಿನಗಳಲ್ಲಿ ಗಟ್ಟಿಯಾಗಿ ಗಾರೆಯಾಗತೊಡಗುತ್ತದೆ. ಗಾರೆಯಾದ ಮೇಲೆ ಮನೆಯ ಯಾವ ಸಾಮಾನಿಗೂ ಅದು ಜಗ್ಗುವುದಿಲ್ಲ. ಗಡಸು ಬೋರ್‌ನೀರಿನಿಂದ ಹಲ್ಲಿಗೆ ಗಾರೆ ಕಟ್ಟುತ್ತದೆ ಎಂದು ನಮ್ಮ ಕಡೆ ಬಹಳ ಜನ ನಂಬಿದ್ದಾರೆ. ಗಾರೆಯ ಸುಣ್ಣ ಬರುವುದು ನಮ್ಮದೇ ಜೊಲ್ಲಿನಿಂದ, ಅದು ಕೂರುವುದು ತೆಗೆಯದೆ ಬಿಟ್ಟ ಪಾಚಿಯ ಮೇಲೆ. ಬೋರ್‌ವೆಲ್ ನಿರಪರಾಧಿ. ಕನಿಷ್ಠ ಈ ಒಂದು ವಿಷಯದಲ್ಲಿ.

ಅಂಗಡಿಗೆ ಹೋಗುವ ಮೊದಲು ಕನ್ನಡಿ

‘ಯಾವುದು ಒಳ್ಳೇದು’ ಎಂದು ಮೆಡಿಕಲ್ ಅಂಗಡಿಯಲ್ಲಿ ಕೇಳಿದರೆ ಅವರ ಹತ್ತಿರ ಇದ್ದದ್ದೇ ಒಳ್ಳೆಯದಾಗುತ್ತದೆ. ಕೇಳಬೇಕಾದದ್ದು ನಿಮ್ಮ ಸಂದಿಯನ್ನು. ಮೊಬೈಲ್ ಟಾರ್ಚ್ ಹಾಕಿಕೊಂಡು ಕನ್ನಡಿಯಲ್ಲಿ ಎರಡು ಹಲ್ಲುಗಳ ನಡುವಿನ ವಸಡಿನ ತುದಿ ನೋಡಿ. ಗುಲಾಬಿ ಬಣ್ಣದ ಚೂಪು ತುದಿ ಸಂದಿಯನ್ನು ಪೂರ್ತಿ ತುಂಬಿದ್ದರೆ ಅಲ್ಲಿ ದಾರ ಬಿಟ್ಟು ಬೇರೇನೂ ಹೋಗುವುದಿಲ್ಲ. ತುದಿ ತಗ್ಗಿ, ಹಲ್ಲಿನ ಬುಡದಲ್ಲಿ ಸಣ್ಣ ಕಪ್ಪು ತ್ರಿಕೋನ ಕಂಡರೆ ಅದು ಸಂದಿ ಬ್ರಷ್ಷಿನ ಜಾಗ; ಇಂಟರ್‌ಡೆಂಟಲ್ ಬ್ರಷ್ ಎಂದು ಮಾರುವ, ತಂತಿಗೆ ಎಳೆ ಸುತ್ತಿದ ಪುಟ್ಟ ಬ್ರಷ್. ಹಲ್ಲು ಕೀಳಿಸಿ ಖಾಲಿ ಬಿಟ್ಟ ಜಾಗವಿದ್ದರೆ ಅದರ ಅಕ್ಕಪಕ್ಕದ ಹಲ್ಲುಗಳ ಬದಿ ಬಯಲಾಗಿರುತ್ತದೆ. ಅಲ್ಲಿಗೆ ಒಂದೇ ಕುಚ್ಚಿನ ಬ್ರಷ್ ಸಾಕು, ಮಾಮೂಲಿ ಬ್ರಷ್ಷನ್ನೇ ಉದ್ದಕ್ಕೆ ತಿರುಗಿಸಿ ಉಜ್ಜಿದರೂ ನಡೆಯುತ್ತದೆ.

ಈ ಮೂರೂ ಒಂದೇ ಬಾಯಲ್ಲಿ ಇರಬಹುದು. ಇಪ್ಪತ್ತರ ಹುಡುಗನಿಗೆ ಬಹುಪಾಲು ದಾರವೇ ಬೇಕಾಗುತ್ತದೆ. ನಲವತ್ತು ದಾಟಿದ, ವಸಡು ಸ್ವಲ್ಪ ಇಳಿದವರಿಗೆ ದವಡೆ ಹಲ್ಲಿಗೆ ಬ್ರಷ್, ಮುಂದಿನ ಹಲ್ಲಿಗೆ ದಾರ. ಬ್ರಷ್ ಆರಾಮಾಗಿ ಹೋಗುವ ಕಡೆ ದಾರ ಹಾಕಬೇಡಿ, ಬ್ರಷ್ಷೇ ಹಾಕಿ. ದವಡೆ ಹಲ್ಲಿನ ಬದಿ ಸಪಾಟಾಗಿರುವುದಿಲ್ಲ, ಬೇರಿನ ಹತ್ತಿರ ಒಳಕ್ಕೆ ತಗ್ಗಿರುತ್ತದೆ. ಬಿಗಿಯಾಗಿ ಹಿಡಿದ ದಾರ ಆ ತಗ್ಗಿನ ಮೇಲೆ ಸೇತುವೆಯಂತೆ ಹಾದುಹೋಗುತ್ತದೆ, ಪಾಚಿ ಕೆಳಗೇ ಉಳಿಯುತ್ತದೆ. ಬ್ರಷ್ಷಿನ ಎಳೆ ತಗ್ಗಿನೊಳಗೆ ಇಳಿಯುತ್ತದೆ. ಅಲ್ಲಿಯವರೆಗಿನ ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ 2019ರ ಕಾಕ್ರೇನ್ (ವೈದ್ಯಕೀಯ ಪುರಾವೆಗಳನ್ನು ತೂಗಿನೋಡುವ ಅಂತರರಾಷ್ಟ್ರೀಯ ಸಂಸ್ಥೆ) ಪರಿಶೀಲನೆಯೂ ದಾರಕ್ಕಿಂತ ಸಂದಿ ಬ್ರಷ್ ಹೆಚ್ಚು ಪರಿಣಾಮಕಾರಿ ಇರಬಹುದು ಎಂದೇ ಹೇಳಿತು, ಪುರಾವೆ ಇನ್ನೂ ಗಟ್ಟಿಯಿಲ್ಲ ಎಂಬ ಮಾತನ್ನೂ ಸೇರಿಸಿ.

ಸಂದಿ ಬ್ರಷ್: ಅಳತೆಯಲ್ಲೇ ಎಲ್ಲ ಇದೆ

ಹೆಚ್ಚಿನವರು ಸೋಲುವುದು ಇಲ್ಲಿ. ಒಂದು ಪ್ಯಾಕೆಟ್ ತಂದು, ಹೋಗದ ಸಂದಿಗೆ ತುರುಕಿ, ರಕ್ತ ನೋಡಿ, ಮೂಲೆಗೆಸೆಯುತ್ತಾರೆ.

ಪ್ಯಾಕೆಟ್ ಮೇಲಿನ ಬಣ್ಣವನ್ನು ನಂಬಬೇಡಿ. ಒಂದು ಕಂಪನಿಯ ಕೆಂಪು ಇನ್ನೊಂದರ ಹಳದಿಯಷ್ಟಿರಬಹುದು. ನೋಡಬೇಕಾದದ್ದು ಎಲ್ಲ ಕಂಪನಿಗೂ ಒಂದೇ ಆದ ಅಂತರರಾಷ್ಟ್ರೀಯ ಐಎಸ್‌ಒ ಅಳತೆ, 0ರಿಂದ 8ರವರೆಗೆ. ಆ ಅಂಕಿ ಬ್ರಷ್ ತೂರುವ ರಂಧ್ರದ ಅಗಲವನ್ನು ಹೇಳುತ್ತದೆ: 0 ಅಂದರೆ ಸುಮಾರು 0.6 ಮಿ.ಮೀ.ವರೆಗೆ, 3 ಅಂದರೆ 1.1–1.2 ಮಿ.ಮೀ., 5 ಅಂದರೆ 1.6–1.8 ಮಿ.ಮೀ. ಇನ್ನೊಂದು ಗೊಂದಲವಿದೆ. ಕೆಲವರು ಮಿ.ಮೀ. ಎಂದು ಮುದ್ರಿಸುವುದು ತಂತಿಯ ದಪ್ಪವನ್ನು, ಕೆಲವರು ತೂರುವ ಅಗಲವನ್ನು. ಹಾಗಾಗಿ ಒಂದು ಪ್ಯಾಕೆಟ್ಟಿನ 0.6ಕ್ಕೂ ಇನ್ನೊಂದರ 0.6ಕ್ಕೂ ಸಂಬಂಧ ಇರದೆ ಹೋಗಬಹುದು. ಮೊದಲ ಸಲ ಬೇರೆಬೇರೆ ಅಳತೆ ಕೂಡಿಸಿದ ಮಿಶ್ರ ಪ್ಯಾಕೆಟ್ ತರುವುದು ಜಾಣತನ. ತಾಲ್ಲೂಕು ಊರಿನ ಮೆಡಿಕಲ್‌ನಲ್ಲಿ ಒಂದೇ ಅಳತೆ ಸಿಕ್ಕರೆ ಅದಕ್ಕೆ ಸಂದಿಯನ್ನು ಹೊಂದಿಸಲು ಹೋಗದೆ ಆನ್‌ಲೈನ್‌ನಲ್ಲಿ ತರಿಸಿ.

ಸಣ್ಣದರಿಂದ ಶುರು ಮಾಡಿ. ಒಣ ಬ್ರಷ್ ಬೇಡ, ನೀರಲ್ಲಿ ಅದ್ದಿ. ಪೇಸ್ಟ್ ಹಚ್ಚಬೇಡಿ, ಅದರ ಪುಡಿ ಹಲ್ಲಿನ ಬೇರನ್ನು ಸವೆಸುತ್ತದೆ. ಪೆನ್ಸಿಲ್ ಹಿಡಿದಂತೆ ಎರಡು ಬೆರಳಲ್ಲಿ ಹಿಡಿದು ವಸಡಿನ ಅಂಚಿಗೆ ತಾಗಿಸಿ ಒಳಗೆ ಬಿಡಿ. ಕೆಳಗಿನ ಹಲ್ಲಿಗೆ ತುದಿ ತುಸು ಮೇಲ್ಮುಖ, ಮೇಲಿನ ಹಲ್ಲಿಗೆ ತುಸು ಕೆಳಮುಖ ಇರಲಿ, ಇಲ್ಲದಿದ್ದರೆ ತುದಿ ವಸಡಿಗೇ ಚುಚ್ಚುತ್ತದೆ. ಒಳಹೋದ ಮೇಲೆ ನೆಟ್ಟಗೆ ಮಾಡಿ, ಬ್ರಷ್ಷಿನ ಪೂರಾ ಉದ್ದಕ್ಕೆ ಮೂರ್ನಾಲ್ಕು ಸಲ ಒಳಕ್ಕೂ ಹೊರಕ್ಕೂ ಎಳೆಯಿರಿ. ತಿರುಪಿನಂತೆ ತಿರುಗಿಸಬೇಡಿ, ತಂತಿ ಮುರಿಯುತ್ತದೆ.

ಸರಿ ಅಳತೆಯನ್ನು ಕೈಯೇ ಹೇಳುತ್ತದೆ. ಎಳೆಗಳು ಎರಡೂ ಬದಿಯ ಹಲ್ಲಿಗೆ ಉಜ್ಜುವ ಸಣ್ಣ ತಡೆ ಇರಬೇಕು, ತಂತಿ ಹಲ್ಲಿಗೆ ಗೀಚಬಾರದು. ಏನೂ ತಾಗದೆ ಸರಕ್ಕನೆ ಹೋಗಿಬಂದರೆ ಒಂದು ಅಳತೆ ಮೇಲೆ. ಒತ್ತಿದರೂ ಹೋಗದಿದ್ದರೆ ಒಂದು ಅಳತೆ ಕೆಳಗೆ, 0 ಕೂಡ ಹೋಗದಿದ್ದರೆ ಆ ಸಂದಿಯನ್ನು ದಾರಕ್ಕೆ ಬಿಡಿ. ಸಾಮಾನ್ಯವಾಗಿ ಒಂದು ಬಾಯಿಗೆ ಎರಡು ಅಳತೆ ಬೇಕಾಗುತ್ತದೆ, ಕೆಲವರಿಗೆ ಮೂರು.

ಹಿಂದಿನ ದವಡೆಗೆ ಬಾಯಿ ಆಂ ಎಂದು ತೆರೆದರೆ ಕೆನ್ನೆ ಬಿಗಿಯಾಗಿ ಕೈಗೆ ಜಾಗವೇ ಇರುವುದಿಲ್ಲ. ಅರ್ಧ ಮುಚ್ಚಿ. ನೆಟ್ಟಗಿನ ಬ್ರಷ್ಷಾದರೆ ಹಿಡಿಯ ಹತ್ತಿರ ತಂತಿಯನ್ನು ಬೆರಳಿಂದ ನಿಧಾನ ಬಾಗಿಸಿಕೊಳ್ಳಿ, ಬಾಗಿದ್ದನ್ನು ಮತ್ತೆ ಮತ್ತೆ ನೆಟ್ಟಗೆ ಮಾಡಬೇಡಿ. ಹಿಂದಿನ ಹಲ್ಲಿಗೆಂದೇ ಎಲ್ ಆಕಾರದ ಹಿಡಿ ಇರುವುದೂ ಸಿಗುತ್ತದೆ. ತೊಳೆದು, ನೀರು ಕೊಡವಿ, ಗಾಳಿಯಾಡುವ ಕಡೆ ಒಣಗಲು ಇಡಿ. ಎಳೆ ಚಪ್ಪಟೆಯಾದಾಗ, ತಂತಿ ನುಲಿದಾಗ ಬಿಸಾಡಿ. ದಿನಾ ಬಳಸಿದರೆ ಒಂದೆರಡು ವಾರ ಬರುತ್ತದೆ. ಸಣ್ಣ ಅಳತೆಯವು ಬೇಗ ಸಾಯುತ್ತವೆ.

‘ಇದನ್ನ ಹಾಕಿ ಹಾಕಿ ಸಂದಿ ದೊಡ್ಡದಾತು’ ಎಂಬ ದೂರು ಇದ್ದದ್ದೇ. ಆಗುವುದು ಹೀಗೆ: ಪಾಚಿಯಿಂದ ಊದಿಕೊಂಡ ವಸಡು ಸಂದಿಯನ್ನು ತುಂಬಿಕೊಂಡಿರುತ್ತದೆ, ಕೆಲವು ವಾರ ಶುಚಿಯಾದ ಮೇಲೆ ಊತ ಇಳಿದು ಮೊದಲೇ ಇದ್ದ ಜಾಗ ಬಯಲಾಗುತ್ತದೆ. ಗಾರೆ ತೆಗೆಸಿದ ಮೇಲೆ ‘ಹಲ್ಲು ಸಡ್ಲಾತು’ ಅನ್ನುವುದರಲ್ಲೂ ಅರ್ಧ ಇದೇ ಕತೆ. ಆಗ ಬ್ರಷ್ ಬಿಡಬೇಡಿ, ಒಂದು ಅಳತೆ ದೊಡ್ಡದು ತನ್ನಿ.

ದಾರ

ನ್ಯೂ ಆರ್ಲಿಯನ್ಸ್‌ನ ದಂತವೈದ್ಯ ಲೆವಿ ಸ್ಪಿಯರ್ ಪಾರ್ಮ್ಲಿ ರೇಷ್ಮೆ ದಾರದಿಂದ ಸಂದಿ ಉಜ್ಜಿ ಎಂದು ಬರೆದದ್ದು 1819ರಲ್ಲಿ. ಈಗಿನದು ನೈಲಾನ್ ಅಥವಾ ಪಿಟಿಎಫ್‌ಇ ಎಂಬ ಜಾರುವ ಪ್ಲಾಸ್ಟಿಕ್. ಬಿಗಿ ಸಂದಿಗೆ ಮೇಣ ಹಚ್ಚಿದ್ದು ಅಥವಾ ಚಪ್ಪಟೆ ಪಟ್ಟಿಯಂಥದ್ದು ಜಾರಿ ಹೋಗುತ್ತದೆ. ಹೊಲಿಗೆ ದಾರ ಬೇಡ. ಅದು ತೆಳ್ಳಗೆ, ಗಟ್ಟಿಯಾಗಿ ವಸಡನ್ನು ಕೊಯ್ಯುತ್ತದೆ, ತುಂಡಾಗಿ ಒಳಗೇ ಉಳಿಯುತ್ತದೆ.

ಕೈ ತೊಳೆದು 45 ಸೆಂ.ಮೀ.ನಷ್ಟು, ಅಂದರೆ ಬೆರಳ ತುದಿಯಿಂದ ಮೊಣಕೈವರೆಗಿನ ಉದ್ದ, ಹರಿದುಕೊಳ್ಳಿ. 50 ಮೀಟರಿನ ಡಬ್ಬಿ ಈ ಲೆಕ್ಕದಲ್ಲಿ 111 ದಿನ ಬರುತ್ತದೆ. ಹೆಚ್ಚು ಪಾಲನ್ನು ಒಂದು ಕೈಯ ನಡುಬೆರಳಿಗೆ, ತುದಿಯನ್ನು ಇನ್ನೊಂದು ಕೈಯ ನಡುಬೆರಳಿಗೆ ಸುತ್ತಿ, ಹೆಬ್ಬೆರಳು–ತೋರುಬೆರಳ ನಡುವೆ 2–3 ಸೆಂ.ಮೀ. ಮಾತ್ರ ಬಿಗಿಯಾಗಿ ಉಳಿಸಿ. ಇದಕ್ಕಿಂತ ಉದ್ದ ಬಿಟ್ಟರೆ ದಾರ ನಿಮ್ಮ ಮಾತು ಕೇಳುವುದಿಲ್ಲ. ಸುತ್ತಲು ಆಗದವರು 25–30 ಸೆಂ.ಮೀ. ದಾರದ ತುದಿ ಕಟ್ಟಿ ಬಳೆಯಂತೆ ಮಾಡಿಕೊಂಡರೆ ಬೆರಳಿಗೆ ರಕ್ತ ಕಟ್ಟುವುದಿಲ್ಲ, ಹಿಡಿತವೂ ಜಾರುವುದಿಲ್ಲ.

ಎರಡು ಹಲ್ಲು ಮುಟ್ಟುವ ಬಿಗಿ ಜಾಗವನ್ನು ದಾಟಿಸುವಾಗ ಮೇಲಿಂದ ಒತ್ತಬೇಡಿ. ಗರಗಸದಂತೆ ಹಿಂದೆ ಮುಂದೆ ಆಡಿಸುತ್ತ ಇಳಿಸಿ. ಟಕ್ ಎಂದು ಒಮ್ಮೆಗೇ ಇಳಿದರೆ ದಾರ ವಸಡಿಗೆ ಬಡಿದು ಗೀರು ಬೀಳುತ್ತದೆ. ಮೊದಲ ವಾರದ ರಕ್ತದಲ್ಲಿ ಒಂದಷ್ಟು ಈ ಟಕ್‌ನದ್ದೇ. ದಾಟಿದ ಮೇಲೆ ಗರಗಸ ನಿಲ್ಲಿಸಿ. ಈಗ ದಾರವನ್ನು ಒಂದು ಹಲ್ಲಿಗೆ ಅವಚಿ, ಇಂಗ್ಲಿಷಿನ ಸಿ ಅಕ್ಷರದಂತೆ ಸುತ್ತಿಸಿ, ವಸಡಿನ ಅಂಚಿನ ಸ್ವಲ್ಪ ಒಳಗಿಂದ ಹಲ್ಲಿನ ತುದಿಯವರೆಗೆ ನಾಲ್ಕೈದು ಸಲ ಮೇಲೆ ಕೆಳಗೆ ಉಜ್ಜಿ. ಅದೇ ಸಂದಿಯಲ್ಲಿ ಪಕ್ಕದ ಹಲ್ಲಿಗೂ ಹೀಗೇ. ದಾರ ಹಾಕುವವರಲ್ಲಿ ಬಹಳ ಜನ ತಪ್ಪಿಸುವುದು ಈ ಎರಡನೆಯ ಹಲ್ಲನ್ನು. ಸಂದಿಗೆ ಗೋಡೆ ಎರಡು, ಬರೀ ಇಳಿಸಿ ಎತ್ತಿದರೆ ಚೂರು ಬರುತ್ತದೆ, ಪಾಚಿ ಬರುವುದಿಲ್ಲ. ಮುಂದಿನ ಸಂದಿಗೆ ದಾರದ ಹೊಸ ಭಾಗ ಬಿಚ್ಚಿಕೊಳ್ಳಿ. ಸಾಲಿನ ಕೊನೆಯ ದವಡೆ ಹಲ್ಲಿನ ಹಿಂಬದಿಯನ್ನೂ ಮರೆಯಬೇಡಿ, ಅಲ್ಲಿ ಗರಗಸದ ಕೆಲಸವೇ ಇಲ್ಲ, ಅವಚಿ ಉಜ್ಜಿದರೆ ಆಯಿತು.

ಹಿಡಿಯಿರುವ ಪಿಕ್‌ಗಳಲ್ಲಿ ದಾರ ಬಿಗಿಯಾಗಿ ಕಟ್ಟಿರುವುದರಿಂದ ಹಲ್ಲಿಗೆ ಸರಿಯಾಗಿ ಸುತ್ತುವುದಿಲ್ಲ. ಆದರೂ ಏನೂ ಹಾಕದೆ ಮಲಗುವುದಕ್ಕಿಂತ ಮೇಲು. ಬೆರಳು ನಡುಗುವವರಿಗೆ, ಬಾಯಿ ಪೂರ್ತಿ ತೆರೆಯಲಾಗದವರಿಗೆ, ಮಕ್ಕಳ ಹಲ್ಲಿಗೆ ಅದೇ ಸುಲಭ. ಹಿಡಿಯನ್ನು ಹಲ್ಲಿನ ಕಡೆಗೆ ಒತ್ತಿ ಮುಂದಕ್ಕೊಮ್ಮೆ, ಹಿಂದಕ್ಕೊಮ್ಮೆ ಎಳೆದರೆ ಎರಡೂ ಗೋಡೆಗೆ ದಾರ ತಾಗುತ್ತದೆ. ಮಕ್ಕಳಿಗೆ ಶುರು ಮಾಡಬೇಕಾದದ್ದು ಎರಡು ಹಲ್ಲು ಒಂದಕ್ಕೊಂದು ತಾಗಿ ನಿಂತಾಗ. ಹಾಲು ದವಡೆಗಳ ನಡುವಿನ ಹುಳುಕು ಹೊರಗೆ ಕಾಣುವಷ್ಟರಲ್ಲಿ ಒಳಗೆ ಬಹಳ ದೂರ ಹೋಗಿರುತ್ತದೆ. ಎಂಟು ಹತ್ತು ವರ್ಷದವರೆಗೆ ದೊಡ್ಡವರೇ ಹಾಕಬೇಕು.

ಬ್ರಿಜ್ ಕೂರಿಸಿದವರಿಗೆ ದಾರ ಮೇಲಿಂದ ಇಳಿಯುವುದಿಲ್ಲ, ಹಲ್ಲುಗಳನ್ನು ಒಂದಕ್ಕೊಂದು ಬೆಸೆದಿರುತ್ತಾರೆ. ಸೂಪರ್‌ಫ್ಲಾಸ್ ಎನ್ನುವ ದಾರಕ್ಕೆ ಒಂದು ತುದಿ ಗಟ್ಟಿ, ನಡುವೆ ಸ್ಪಂಜಿನಂಥ ದಪ್ಪ, ಆಮೇಲೆ ಮಾಮೂಲಿ ದಾರ. ಗಟ್ಟಿ ತುದಿಯನ್ನು ಬ್ರಿಜ್ಜಿನ ಕೆಳಗಿಂದ ತೂರಿಸಿ, ದಪ್ಪ ಭಾಗವನ್ನು ಕೃತಕ ಹಲ್ಲಿನ ಹೊಟ್ಟೆಗೆ ಉಜ್ಜಿ, ಪಕ್ಕಕ್ಕೆ ಎಳೆದು ತೆಗೆಯಿರಿ. ಕ್ಲಿಪ್ಪು, ತಂತಿ ಹಾಕಿಸಿದ ಮಕ್ಕಳಿಗೂ ಇದೇ ಆಗುತ್ತದೆ. ತಂತಿಯ ಕೆಳಗೆ ಸಂದಿ ಬ್ರಷ್ಷನ್ನು ಮೇಲಿಂದ ಕೆಳಕ್ಕೆ ಆಡಿಸುವುದು ಅದಕ್ಕಿಂತ ಬೇಗ ಮುಗಿಯುತ್ತದೆ, ಕಾಲೇಜಿಗೆ ಹೊರಟವರು ಅದನ್ನಾದರೂ ಮಾಡುತ್ತಾರೆ. ಇಂಪ್ಲಾಂಟ್, ಅಂದರೆ ದವಡೆ ಎಲುಬಿಗೆ ಕೂರಿಸಿದ ಕೃತಕ ಹಲ್ಲು ಇದ್ದವರು ತಂತಿಗೆ ಪ್ಲಾಸ್ಟಿಕ್ ಲೇಪ ಇರುವ ಬ್ರಷ್ಷನ್ನೇ ಕೇಳಿ ತನ್ನಿ.

ನೀರಿನ ಮಿಷನ್ನು

ಸಂದಿಗೆ ನೀರಿನ ಧಾರೆ ಚಿಮ್ಮಿಸುವ ವಾಟರ್ ಫ್ಲಾಸರ್, ಬ್ರಿಜ್, ಇಂಪ್ಲಾಂಟ್, ತಂತಿ ಇರುವವರಿಗೆ ಮತ್ತು ಬೆರಳು ಬಾಗದವರಿಗೆ ನಿಜಕ್ಕೂ ಉಪಯೋಗ. ಸಡಿಲ ಚೂರನ್ನು ಚೆನ್ನಾಗಿ ಹೊರಗೆ ಹಾಕುತ್ತದೆ, ವಸಡಿನ ರಕ್ತವನ್ನೂ ಕಡಿಮೆ ಮಾಡುತ್ತದೆ. ಅಂಟಿದ ಪಾಚಿಗೆ ಮಾತ್ರ ಉಜ್ಜುವ ವಸ್ತುವೇ ಬೇಕು. ಎಣ್ಣೆ ಹತ್ತಿದ ಪಾತ್ರೆಗೆ ಬರೀ ನೀರು ಬಿಟ್ಟ ಹಾಗೆ. ಬೇರೇನೂ ತೊಂದರೆ ಇಲ್ಲದ ಬಾಯಿಗೆ ಮೊದಲ ಖರ್ಚು ಇದಾಗಬೇಕಿಲ್ಲ.

ತಂದಾಗಿದ್ದರೆ ಅತಿ ಕಡಿಮೆ ಒತ್ತಡದಿಂದ ಶುರು ಮಾಡಿ, ಉಗುರುಬೆಚ್ಚಗಿನ ಕುಡಿಯುವ ನೀರು ಹಾಕಿ. ಬೇಸಿನ್ ಮೇಲೆ ಬಗ್ಗಿ, ಮೊದಲು ನಳಿಕೆ ಬಾಯೊಳಗೆ, ಆಮೇಲೆ ಸ್ವಿಚ್. ಈ ಕ್ರಮ ತಪ್ಪಿದರೆ ಕನ್ನಡಿಗೆ ಸ್ನಾನ. ತುಟಿ ಅರೆ ಮುಚ್ಚಿ ನೀರು ಹೊರಗೆ ಸುರಿಯಲು ಬಿಟ್ಟು, ವಸಡಿನ ಅಂಚಿಗೆ ನೇರ ಅಡ್ಡಲಾಗಿ ಹಿಡಿದು ಸಂದಿ ಸಂದಿಗೂ ಒಂದೆರಡು ಕ್ಷಣ ನಿಲ್ಲಿಸುತ್ತ ಸಾಗಿ.

ನಮ್ಮ ಕಡೆಯ ಬೋರ್‌ನೀರು ನಿಜವಾಗಿ ಕಾಟ ಕೊಡುವುದು ಇಲ್ಲಿ. ಗೀಸರ್ ಕಾಯಿಲ್ ಮೇಲೆ ಕಟ್ಟುವ ಬಿಳಿ ಹಕ್ಕಳೆಯೇ ಕೂದಲೆಳೆಯಷ್ಟು ಸಣ್ಣ ನಳಿಕೆಯ ತೂತಲ್ಲೂ ಕಟ್ಟುತ್ತದೆ. ಧಾರೆ ಸೊಟ್ಟ ಹೋಗತೊಡಗುತ್ತದೆ, ಆಮೇಲೆ ಸೋರುತ್ತದೆ, ಮಿಷನ್ನು ಕೆಟ್ಟಿತೆಂದು ಎತ್ತಿಡುತ್ತಾರೆ. ಅರ್ಧ ಲೀಟರ್ ಬೆಚ್ಚಗಿನ ನೀರಿಗೆ ಎರಡು ದೊಡ್ಡ ಚಮಚ ಬಿಳಿ ವಿನೆಗರ್ ಬೆರೆಸಿ ಟ್ಯಾಂಕಿಗೆ ಹಾಕಿ. ಅರ್ಧ ಓಡಿಸಿ, ನಿಲ್ಲಿಸಿ, ನಳಿಕೆಯನ್ನು ಉಳಿದ ನೀರಲ್ಲಿ 20 ನಿಮಿಷ ನೆನೆಸಿ, ಬಳಿಕ ಒಂದು ಟ್ಯಾಂಕ್ ಬರೀ ನೀರು ಓಡಿಸಿ. ತಿಂಗಳಿಗೊಮ್ಮೆ ಸಾಕು. ದಿನಾ ಬಳಸುವುದು ಫಿಲ್ಟರ್ ನೀರಾದರೆ ಈ ಕೆಲಸವೂ ಅಪರೂಪ.

ಪಿನ್ನು, ಕಡ್ಡಿ, ಉಪ್ಪು, ಇಟ್ಟಿಗೆ ಪುಡಿ

ಪಿನ್ನು ಚೂರನ್ನು ಎತ್ತುವುದಕ್ಕಿಂತ ವಸಡಿನ ಜೇಬಿನೊಳಕ್ಕೆ ತಳ್ಳುವುದೇ ಹೆಚ್ಚು. ಎರಡು ದಿನ ಬಿಟ್ಟು ಅಲ್ಲಿ ಬಾವು ಬಂದಾಗ ಪಿನ್ನಿನ ನೆನಪು ಯಾರಿಗೂ ಇರುವುದಿಲ್ಲ. ಕಸಬರಿಗೆ ಕಡ್ಡಿಯ ಸೀಳು ಒಳಗೆ ಮುರಿದು ಉಳಿದರೂ ಇದೇ ಫಲ. ಊಟವಾದ ಮೇಲೆ ಗಂಟೆಗಟ್ಟಲೆ ದುಂಡು ಟೂತ್‌ಪಿಕ್ ಅಗಿಯುತ್ತ ಒಂದೇ ಸಂದಿಗೆ ಒತ್ತುವವರ ವಸಡಿನ ತುದಿ ಸವೆದು ತಗ್ಗುತ್ತದೆ, ಮುಂದೆ ಅಲ್ಲೇ ಇನ್ನಷ್ಟು ಸಿಕ್ಕಿಕೊಳ್ಳುತ್ತದೆ. ಕಡ್ಡಿಯೇ ಬೇಕು ಅನ್ನುವವರು ತ್ರಿಕೋನದ ಮೆದು ಮರದ್ದೋ, ರಬ್ಬರ್ ಎಳೆಯದ್ದೋ ತನ್ನಿ. ಮರದ್ದನ್ನು ಜೊಲ್ಲಲ್ಲಿ ನೆನೆಸಿ, ಸಪಾಟು ಬದಿಯನ್ನು ವಸಡಿಗೆ ಇಟ್ಟು, ಸಲೀಸಾಗಿ ಹೋಗುವ ಸಂದಿಗೆ ಮಾತ್ರ ಹಾಕಿ. ಬೇವಿನ ಕಡ್ಡಿ ಜಗಿದು ಉಜ್ಜುವುದು ಹಲ್ಲಿನ ಮುಖಕ್ಕೆ, ಸಂದಿಗಲ್ಲ.

ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಹಳ್ಳಿಗಳು ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಜಿಲ್ಲೆಗಳಲ್ಲಿವೆ. ಅಲ್ಲಿ ಬೆಳೆದವರ ಹಲ್ಲಿನ ಕಂದು ಪಟ್ಟೆ ಕೊಳೆಯಲ್ಲ, ಹಲ್ಲು ದವಡೆಯೊಳಗೆ ರೂಪುಗೊಳ್ಳುವಾಗಲೇ ಆದ ಬದಲಾವಣೆ. ದಾರಕ್ಕೂ ಹೋಗುವುದಿಲ್ಲ, ಉಪ್ಪಿಗೂ ಇಟ್ಟಿಗೆ ಪುಡಿಗೂ ಹೋಗುವುದಿಲ್ಲ, ಉಜ್ಜಿದಷ್ಟೂ ಹಲ್ಲು ಸವೆಯುತ್ತದೆ. ಜಾಸ್ತಿ ಗುಳಿ ಬಿದ್ದ ಹಲ್ಲಿನ ಅಂಚು ಪುಡಿಯಾಗುವ ಗುಣದ್ದು, ಅಲ್ಲಿ ಮೇಣದ ದಾರವನ್ನು ಮೆಲ್ಲಗೆ ಹಾಕಿ.

ರಕ್ತ ಬಂದರೆ

ಹೊಸದಾಗಿ ಶುರು ಮಾಡಿದಾಗ ರಕ್ತ ಬರುತ್ತದೆ. ಬಂತೆಂದು ಆ ಸಂದಿಯನ್ನು ಬಿಟ್ಟರೆ ಅದು ಎಂದೂ ನಿಲ್ಲುವುದಿಲ್ಲ, ರಕ್ತ ಬರುವುದೇ ಅಲ್ಲಿ ಪಾಚಿ ಕೂತು ವಸಡು ಕೆಂಪಾಗಿರುವುದರಿಂದ. ದಿನಕ್ಕೊಂದು ಸಲ, ರಾತ್ರಿ ಮಲಗುವ ಮುನ್ನ, ಮೆಲ್ಲಗೆ ಮುಂದುವರಿಸಿದರೆ ಒಂದೆರಡು ವಾರದಲ್ಲಿ ತಗ್ಗುತ್ತದೆ. ಬಸುರಿಯರಿಗೆ ವಸಡು ಬೇಗ ಊದುತ್ತದೆ, ಅವರೂ ನಿಲ್ಲಿಸಬಾರದು. ಶುಗರ್ ಇದ್ದವರಿಗೆ ಇದು ಇನ್ನೂ ಮುಖ್ಯ. ಶುಗರ್ ಏರಿದರೆ ವಸಡು ಕೆಡುತ್ತದೆ, ವಸಡು ಕೆಟ್ಟರೆ ಶುಗರ್ ಹತೋಟಿಗೆ ಬರುವುದು ಕಷ್ಟ. ರಕ್ತ ತೆಳುವಾಗುವ ಮಾತ್ರೆ ತಿನ್ನುವವರು, ಹೃದಯದ ಕವಾಟ ಬದಲಿಸಿಕೊಂಡವರು ಶುರು ಮಾಡುವ ಮೊದಲು ಡಾಕ್ಟರಿಗೊಂದು ಮಾತು ಹೇಳಲಿ.

ಸಂದಿ ಮೊದಲೋ ಬ್ರಷ್ ಮೊದಲೋ ಎಂದು ಜಗಳ ಬೇಡ. ಸಂದಿ ಮೊದಲು ತೆಗೆದರೆ ಪೇಸ್ಟಿನ ಫ್ಲೋರೈಡ್‌ಗೆ ಒಳಹೋಗಲು ದಾರಿ ಸಿಗುತ್ತದೆ, ಅಷ್ಟೇ.

ಮನೆಯಲ್ಲಿ ಮುಗಿಯದ್ದು

ಎರಡು ವಾರವಾದರೂ ನಿಲ್ಲದ ರಕ್ತ, ಒತ್ತಿದರೆ ಕೀವು, ಅಲ್ಲಾಡುವ ಹಲ್ಲು, ಇವುಗಳಿಗೆ ಯಾವ ದಾರವೂ ಉತ್ತರವಲ್ಲ. ಗುಟ್ಕಾ, ಅಡಿಕೆ ಹಾಕುವವರು ಇನ್ನೊಂದು ನೋಡಿಕೊಳ್ಳಬೇಕು. ನಿಮ್ಮವೇ ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿ ಬಾಯೊಳಗೆ ಇಡಲು ಆಗುತ್ತದೆಯೇ? ಆಗದೆ, ಖಾರ ತಿಂದರೆ ಬಾಯಿ ಉರಿಯುತ್ತಿದ್ದರೆ ಸಂದಿಯ ಚಿಂತೆ ಬದಿಗಿಟ್ಟು ಈ ವಾರವೇ ತೋರಿಸಿ. ಬಳ್ಳಾರಿಯಲ್ಲಿ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿದೆ, ರಾಯಚೂರಿನಲ್ಲಿ ಎಎಂಇ ಮತ್ತು ನವೋದಯ ದಂತ ಕಾಲೇಜುಗಳಿವೆ. ಕೊಪ್ಪಳದವರು ಜಿಲ್ಲಾಸ್ಪತ್ರೆಯ ದಂತ ವಿಭಾಗದಿಂದ ಶುರು ಮಾಡಬಹುದು.

ಇನ್ನು, 30 ಸಂದಿಗಳಲ್ಲಿ ಒಂದರಲ್ಲೇ ಪ್ರತಿ ಊಟಕ್ಕೂ ಸಿಕ್ಕಿಕೊಳ್ಳುತ್ತಿದ್ದರೆ, ಅಥವಾ ದಾರ ಅಲ್ಲಿ ಮಾತ್ರ ಎಳೆ ಎಳೆಯಾಗಿ ಹರಿಯುತ್ತಿದ್ದರೆ, ತಪ್ಪು ನಿಮ್ಮ ಕೈಯದ್ದಲ್ಲ. ತುಂಬಿಸಿದ ಹಲ್ಲಿನ ಅಂಚು ಹೊರಚಾಚಿರಬಹುದು, ಒಳಗೆ ಹುಳುಕು ಹಿಡಿದಿರಬಹುದು, ಗಾರೆ ಇರಬಹುದು, ಎರಡು ಹಲ್ಲು ತಾಗುವ ಜಾಗ ಸಡಿಲಾಗಿರಬಹುದು. ಡಾಕ್ಟರ ಮುಂದೆ ‘ಹಲ್ಲು ನೋಯ್ತದ’ ಎನ್ನುವ ಬದಲು ‘ಬಲಗಡೆ, ಕೆಳಗ, ಕೊನೇದಕ್ಕೂ ಅದರ ಮುಂದಿಂದಕ್ಕೂ ನಡುವ, ದಾರ ಹರೀತದ’ ಎನ್ನಿ. ಹರಿದ ದಾರವನ್ನು ಕಾಗದದಲ್ಲಿ ಸುತ್ತಿಕೊಂಡು ಹೋದರೆ ಇನ್ನೂ ಒಳ್ಳೆಯದು. ಎಕ್ಸ್‌ರೇ ಯಾವ ಎರಡು ಹಲ್ಲಿನ ನಡುವೆ ತೆಗೆಯಬೇಕು ಎಂಬುದು ಅಲ್ಲೇ ತೀರ್ಮಾನವಾಗುತ್ತದೆ.